ಸೋದರಮಾವ ಕೊಟ್ಟರೆ ತೆರಿಗೆ ಇಲ್ಲ, ಸೋದರಳಿಯ ಕೊಟ್ಟರೆ? ಬಾಗಲಕೋಟೆ ಬಳಗದ ಭಾನುವಾರದ ಪ್ರಶ್ನೋತ್ತರ

ಪ್ರಶ್ನೆ (ಮುಧೋಳ): ಸರ್, ನಾನು ಪುಣೆಯಲ್ಲಿ ನೌಕರಿಯಲ್ಲಿದ್ದೇನೆ. ನನ್ನನ್ನು ಓದಿಸಿದ್ದು ಸೋದರಮಾವ. ಅವರಿಗೆ ಕಬ್ಬಿನ ಬೆಳೆ ಬಿಟ್ಟರೆ ಬೇರೆ ಆದಾಯ ಇಲ್ಲ. ಮನೆಗೆ ಸ್ಲ್ಯಾಬ್ ಹಾಕಿಸೋಕೆ 3.5 ಲಕ್ಷ ಅವರ ಖಾತೆಗೆ ಹಾಕಬೇಕು ಅಂತಿದ್ದೇನೆ. ನಾನು ತೆರಿಗೆ ಕಟ್ಟಿ ಉಳಿಸಿದ ಹಣ. ಸಂಬಂಧಿಕರ ನಡುವೆ ತೆರಿಗೆ ಇಲ್ಲ ಅಲ್ವಾ?

ಆಡಿಟರ್: ಇಲ್ಲೇ ಎಲ್ಲರೂ ಎಡವೋದು. ನಿಮ್ಮ ಮಾವ ನಿಮಗೆ ಕೊಟ್ಟಿದ್ದರೆ ಒಂದು ಕೋಟಿ ಆದರೂ ತೆರಿಗೆ ಇರಲಿಲ್ಲ. ನೀವು ಅವರಿಗೆ ಕೊಟ್ಟರೆ ಅದು ಅವರ ಆದಾಯ.

ತಮಾಷೆ ಅಲ್ಲ. ಕಾಯ್ದೆ ಯಾವಾಗಲೂ ಹಣ ಪಡೆದವರ ಕಡೆಯಿಂದ ನೋಡುತ್ತದೆ. ಪಡೆದವರ ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಸಂಗಾತಿಯ ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು, ಪಡೆದವರ ಮತ್ತು ಅವರ ಸಂಗಾತಿಯ ತಂದೆ ತಾಯಿ, ಅಜ್ಜ ಅಜ್ಜಿಯಂಥ ನೇರ ಹಿರಿಯರು, ಮಕ್ಕಳು ಮೊಮ್ಮಕ್ಕಳು, ಮತ್ತೆ ಇವರೆಲ್ಲರ ಸಂಗಾತಿಗಳು. ಇವರು ಕೊಟ್ಟರೆ ತೆರಿಗೆ ಇಲ್ಲ, ಪಟ್ಟಿ ಇಷ್ಟೇ. ನಿಮ್ಮ ಕಡೆಯಿಂದ ನೋಡಿದರೆ ಮಾವ ತಾಯಿಯ ತಮ್ಮ, ಪಟ್ಟಿಯಲ್ಲಿದ್ದಾರೆ. ಮಾವನ ಕಡೆಯಿಂದ ನೋಡಿದರೆ ನೀವು ಅಕ್ಕನ ಮಗ. ಅಕ್ಕ ಇದ್ದಾಳೆ, ಅಕ್ಕನ ಮಗ ಇಲ್ಲ. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳೂ ಇಲ್ಲ. ನಾವು ಅಣ್ಣ ತಮ್ಮ ಅಂತಲೇ ಕರೀತೀವಿ, ಕಾಯ್ದೆ ಕರೆಯೋದಿಲ್ಲ.

ಪಟ್ಟಿಯ ಹೊರಗಿನವರಿಂದ ವರ್ಷಕ್ಕೆ ಒಟ್ಟು 50,000 ತನಕ ಮಾಫಿ. ಒಬ್ಬೊಬ್ಬರಿಂದ ಅಲ್ಲ, ಎಲ್ಲರದ್ದೂ ಸೇರಿ. ಮೂವರು ಗೆಳೆಯರು ತಲಾ 20,000 ಕೊಟ್ಟರೆ ಪೂರ್ತಿ 60,000 ಆದಾಯ. ಮೇಲಿನ ಹತ್ತು ಸಾವಿರ ಮಾತ್ರ ಅಂತ ತಿಳಿಯಬೇಡಿ.

ಆದರೆ ಆದಾಯ ಅಂದ ಕೂಡಲೇ ತೆರಿಗೆ ಬಂತು ಅಂತಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಮಾವನಿಗೆ ಕಬ್ಬಿನ ಬಿಲ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಈ 3.5 ಲಕ್ಷಕ್ಕೆ ಅವರು ಒಂದು ರೂಪಾಯಿಯೂ ಕಟ್ಟೋದಿಲ್ಲ. ಬ್ಯಾಂಕ್ ಮೂಲಕವೇ ಹಾಕಿ. ಅವರ ಹೆಸರಲ್ಲಿ ಒಂದು ರಿಟರ್ನ್ ಸಲ್ಲಿಸಿಬಿಡಿ. ಕಡ್ಡಾಯ ಅಲ್ಲ, ಆದರೆ ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಕಾಗದ ಇರುತ್ತದೆ.

ಅದೇ ಸದಸ್ಯರು: ಅವ್ವನ ಖಾತೆಗೆ ಹಾಕಿ, ಅವ್ವ ತಮ್ಮನಿಗೆ ಕೊಟ್ಟರೆ?

ಆಡಿಟರ್: ಮಗನಿಂದ ತಾಯಿಗೆ ಮಾಫಿ, ಅಕ್ಕನಿಂದ ತಮ್ಮನಿಗೂ ಮಾಫಿ. ಆದರೆ ಬೆಳಿಗ್ಗೆ ಬಂದು ಮಧ್ಯಾಹ್ನ ಹೋದ ಹಣ ಅವ್ವನದು ಅಂತ ಯಾರು ನಂಬುತ್ತಾರೆ? ನಿಮಗೆ ಅದರ ಅಗತ್ಯವೂ ಇಲ್ಲ. ದೊಡ್ಡ ಮೊತ್ತ ಆಗಿದ್ದರೆ ಬಡ್ಡಿ ಇಲ್ಲದ ಸಾಲ ಅಂತ ಬ್ಯಾಂಕ್ ಮೂಲಕ ಕೊಡಿ ಅಂತಿದ್ದೆ. ವಾಪಸ್ ಕೊಡೋ ಸಾಲ ಉಡುಗೊರೆ ಅಲ್ಲ. ಆದರೆ ನಿಜಕ್ಕೂ ವಾಪಸ್ ಬರಬೇಕು.

ಪ್ರಶ್ನೆ (ಬಾಗಲಕೋಟೆ, ವಿದ್ಯಾಗಿರಿ): ಮಗಳ ಮದುವೆ ಆಯಿತು. ಮುಯ್ಯಿ 6 ಲಕ್ಷದ ಮೇಲೆ ಬಂದಿದೆ, ಎಲ್ಲಾ ನಗದು. ನನ್ನ ಖಾತೆಗೆ ಕಟ್ಟಲಾ? ಅದು ನಾನು 25 ವರ್ಷ ಊರವರಿಗೆ ಹಾಕಿದ ಮುಯ್ಯಿಯೇ ತಿರುಗಿ ಬಂದದ್ದು.

ಆಡಿಟರ್: ನಿಮ್ಮ ಲೆಕ್ಕ ಊರಿನ ಲೆಕ್ಕ, ನನಗೂ ಒಪ್ಪಿಗೆ. ಕಾಯ್ದೆ ಲೆಕ್ಕ ಬೇರೆ. ಮದುವೆಯಲ್ಲಿ ಯಾರಿಂದ ಎಷ್ಟೇ ಬಂದರೂ ಮಾಫಿ ನಿಜ. ಆದರೆ ಅದು ಮದುವೆಯಾದವರಿಗೆ ಮಾತ್ರ, ಅವರ ತಂದೆ ತಾಯಿಗೆ ಅಲ್ಲ. ಹಾಗಾಗಿ ಮಗಳ ಖಾತೆಗೆ ಕಟ್ಟಿ. ಆಮೇಲೆ ಅವಳು ಇಷ್ಟಪಟ್ಟು ನಿಮಗೆ ಕೊಟ್ಟರೆ, ಮಗಳಿಂದ ತಂದೆಗೆ ಬಂದ ಹಣಕ್ಕೆ ತೆರಿಗೆ ಇಲ್ಲ.

ಮುಯ್ಯಿ ಬರೆದ ಪುಸ್ತಕ ಎಲ್ಲಿದೆ? ಅದನ್ನು ಎಸೆಯಬೇಡಿ. ಕೆಲವು ವರ್ಷದ ಹಿಂದೆ ಒಬ್ಬರಿಗೆ ನೋಟಿಸ್ ಬಂತು, ಮದುವೆ ಆದ ವಾರವೇ ಇಷ್ಟು ನಗದು ಹೇಗೆ ಕಟ್ಟಿದಿರಿ ಅಂತ. ಅವರು ತಂದದ್ದು ಒಂದು ನೂರು ಪುಟದ ನೋಟ್‌ಬುಕ್. ಮೊದಲ ಪುಟಕ್ಕೆ ಅರಿಶಿಣ ಕುಂಕುಮ, ಮೇಲೆ ಶ್ರೀ. ಕೆಳಗೆ ‘ಲೋಕಾಪುರ ಅತ್ತೆ 1,001, ಪಾತ್ರೆ ಅಂಗಡಿಯವರು 501, ಗದ್ದನಕೇರಿ ಬೀಗರು ಉಂಗುರ’. ಮಧ್ಯೆ ಎರಡು ಪುಟ ಸಾರು ಬಿದ್ದು ಅಂಟಿಕೊಂಡಿತ್ತು. ಲಗ್ನಪತ್ರಿಕೆ, ಫೋಟೋ ಜೊತೆ ಅದನ್ನೇ ಸ್ಕ್ಯಾನ್ ಮಾಡಿ ಕೊಟ್ಟೆವು. ಒಪ್ಪಿಕೊಂಡರು. ನಾನು ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದ ಪಟ್ಟಿಯನ್ನು ಯಾರೂ ತಿರುವಿಯೂ ನೋಡಲಿಲ್ಲ.

ಇನ್ನೊಂದು ಮಾತು. ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ. ಕೊಟ್ಟವರು ಸ್ವಂತ ಅಪ್ಪ ಆದರೂ ಅಷ್ಟೇ. ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು. 2017ರ ಏಪ್ರಿಲ್‌ನಿಂದ ಇರುವ ನಿಯಮ, ಇವತ್ತಿಗೂ ಜನಕ್ಕೆ ಗೊತ್ತಿಲ್ಲ.

ಮತ್ತೊಬ್ಬರು: ಕುಬಸ, ಜವಳ, ಗೃಹಪ್ರವೇಶಕ್ಕೆ ಬಂದದ್ದು?

ಆಡಿಟರ್: ಮಾಫಿ ಇಲ್ಲ. ನಿಶ್ಚಿತಾರ್ಥಕ್ಕೂ ಇಲ್ಲ. ಪಟ್ಟಿಯ ಹೊರಗಿನವರು ಕೊಟ್ಟದ್ದನ್ನು 50,000ದ ಲೆಕ್ಕಕ್ಕೆ ಹಿಡಿಯಬೇಕು. ಬಂಗಾರ ಲೆಕ್ಕಕ್ಕೆ ಬರುತ್ತದೆ. ಫ್ರಿಜ್, ಕಾರು, ಟಿವಿ ಬರೋದಿಲ್ಲ. ಲೆಕ್ಕಕ್ಕೆ ಬರೋ ವಸ್ತುಗಳಿಗೆ ಬೇರೆಯೇ ಪಟ್ಟಿ ಇದೆ, ಅದರಲ್ಲಿ ಇವು ಇಲ್ಲ. ಮದುವೆ ಕಾರು ಅಂದಾಗ ಹೇಳಿಬಿಡ್ತೀನಿ: ತೆರಿಗೆ ಇಲ್ಲ ಅಂದರೆ ವರದಕ್ಷಿಣೆ ಸರಿ ಅಂತಲ್ಲ. ಆದಾಯ ತೆರಿಗೆ ಕಾಯ್ದೆ ಬಂದ 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆಯೂ ಬಂದಿದೆ.

ಪ್ರಶ್ನೆ (ನವನಗರ): ನಾನು 1996ರಲ್ಲಿ ಕಟ್ಟಿಸಿದ ಮನೆ ಬಾಡಿಗೆಗಿದೆ, ತಿಂಗಳಿಗೆ 14,000. ಸೊಸೆ ಹೆಸರಿಗೆ ದಾನಪತ್ರ ಮಾಡಿದರೆ ಬಾಡಿಗೆ ಅವಳ ಆದಾಯ ಆಗುತ್ತಾ?

ಆಡಿಟರ್: ಮನೆ ಅವಳದಾಗುತ್ತದೆ, ಬಾಡಿಗೆ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಹೆಂಡತಿಗೆ ಕೊಟ್ಟರೂ ಹೀಗೇ. ಮುಂದೆ ಅವಳು ಮಾರಿದರೆ ಆ ಲಾಭವೂ ನಿಮ್ಮ ತಲೆಗೇ. ವಯಸ್ಸಿಗೆ ಬಂದ ಮಗನಿಗೆ ಕೊಟ್ಟರೆ ಈ ತೊಡಕು ಇಲ್ಲ, ಬಾಡಿಗೆ ಅವನದು, ಲಾಭವೂ ಅವನದು.

ಮಾರುವಾಗ ಅಸಲು ಬೆಲೆ ಅಂತ ನೀವು ಖರ್ಚು ಮಾಡಿದ್ದನ್ನೇ ಹಿಡಿಯುತ್ತಾರೆ. 2001ಕ್ಕಿಂತ ಹಳೇ ಮನೆ, ಆದ್ದರಿಂದ 2001ರ ಏಪ್ರಿಲ್ 1ರ ಬೆಲೆ ಹಿಡಿಯಲೂ ಅವಕಾಶ ಇದೆ. ಹಳೇ ಕಾಗದ ಮಗನ ಕೈಗೆ ಕೊಡಿ.

ದಾನಪತ್ರ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು. ನೂರು ರೂಪಾಯಿ ಬಾಂಡ್ ಮೇಲೆ ಬರೆದಿಟ್ಟರೆ ನಡೆಯೋದಿಲ್ಲ. ಮತ್ತೆ, ನೀವು ಕೇಳಲಿಲ್ಲ, ನಾನೇ ಹೇಳ್ತೀನಿ: ಪತ್ರದಲ್ಲಿ ‘ನನ್ನನ್ನು ನೋಡಿಕೊಳ್ಳಬೇಕು’ ಅಂತ ಒಂದು ಷರತ್ತು ಬರೆಸಿ. ಮಕ್ಕಳು ಒಳ್ಳೆಯವರೇ ಇರಬಹುದು. ಷರತ್ತು ಇದ್ದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಹತ್ತಿರ ಹೋಗಬಹುದು.

ಪ್ರಶ್ನೆ (ಇಳಕಲ್): ಗೆಳೆಯ 20 ಲಕ್ಷಕ್ಕೆ ಸೈಟ್ ಕೊಡ್ತಿದ್ದಾನೆ. ಸಬ್‌ರಿಜಿಸ್ಟ್ರಾರ್ ಬೆಲೆ 24 ಲಕ್ಷ ತೋರಿಸ್ತಿದೆ. ತೊಂದರೆ ಇದೆಯಾ?

ಆಡಿಟರ್: ಇದೆ. ಹತ್ತು ಪರ್ಸೆಂಟ್ ಹೆಚ್ಚು ಕಮ್ಮಿ, ಅಂದರೆ 22 ಲಕ್ಷದ ತನಕ ಸುಮ್ನೆ ಬಿಡುತ್ತಾರೆ. ಅದು ದಾಟಿದ್ದರಿಂದ ಪೂರ್ತಿ 4 ಲಕ್ಷ ನಿಮ್ಮ ಆದಾಯ.

ಮತ್ತೊಬ್ಬರು: ಹೊಸ ಕಾಯ್ದೆಯಲ್ಲಿ ಇದೆಲ್ಲ ಬದಲಾಗಿದೆ ಅಂತಾರಲ್ಲ?

ಆಡಿಟರ್: 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರ್ ಬದಲಾಗಿವೆ. ಉಡುಗೊರೆ ನಿಯಮದ ತಿರುಳು ಅದೇ ಇದೆ.

ಮುಧೋಳದ ಸದಸ್ಯರು: ಸರ್, ಮತ್ತೆ ನಾನೇ. ಮನೆಯಲ್ಲಿ ಆ ಮಾವನ ಮಗಳನ್ನೇ ನನಗೆ ಕೊಡೋ ಮಾತು ನಡೆದಿದೆ. ಮದುವೆ ಆದ ಮೇಲೆ ಹಣ ಹಾಕಿದರೆ?

ಆಡಿಟರ್: ಆಗ ನೀವು ಬರೀ ಅಕ್ಕನ ಮಗ ಅಲ್ಲ, ಮಗಳ ಗಂಡ. ಪಟ್ಟಿಯಲ್ಲಿದ್ದೀರಿ, ಎಷ್ಟು ಕೊಟ್ಟರೂ ಮಾಫಿ. ಆದರೆ ಹಣ ಮಾವನ ಕೈಸೇರಿದ ದಿನ ಮದುವೆ ಆಗಿರಬೇಕು, ಮಾತುಕತೆ ಸಾಲದು. ಮೂರೂವರೆ ಲಕ್ಷಕ್ಕಾಗಿ ಮುಹೂರ್ತ ಕಾಯಬೇಡಿ, ಮಳೆಗಾಲದೊಳಗೆ ಸ್ಲ್ಯಾಬ್ ಹಾಕಿಸಿ.