ರೆಜಿನಾಲ್ಡ್ ಹೀಬರ್: 'ಹೋಲಿ, ಹೋಲಿ, ಹೋಲಿ' ಭಾರತದಲ್ಲಿ ಬರೆದದ್ದೇ? ಎರಡನೇ ಚರಣದಲ್ಲಿ ಎಡವುವುದೇಕೆ?

ಕ್ವಾಯರ್_ಕಡತ:
ತ್ರಿಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ನಂಬಿಕೆಯ) ಭಾನುವಾರಕ್ಕೆ ನಮ್ಮ ಚರ್ಚಿನ ಆರಾಧನಾ ಪತ್ರಿಕೆಗೆ ಇಂಗ್ಲಿಷ್ ಗೀತಕಾರ ಬಿಷಪ್ ಹೀಬರ್ ಬಗ್ಗೆ ಅರ್ಧ ಪುಟ ಪರಿಚಯ ಬೇಕು. ಅವರ 'ಹೋಲಿ, ಹೋಲಿ, ಹೋಲಿ' (ಪವಿತ್ರ, ಪವಿತ್ರ, ಪವಿತ್ರ) ಎಂಬ ಇಂಗ್ಲಿಷ್ ಗೀತೆಯ ಅಡಿಯಲ್ಲಿ ಕೆಲವು ಪುಸ್ತಕಗಳು 1826 ಅಂತ ಹಾಕಿವೆ, ಕೆಲವು 1827 ಅಂತ. 1826 ಅವರು ತಿರುಚಿರಾಪಳ್ಳಿಯಲ್ಲಿ ತೀರಿಕೊಂಡ ವರ್ಷ. ಹಾಗಾದರೆ ಇದು ಭಾರತದಲ್ಲಿ ಬರೆದ ಗೀತೆ ಅನ್ನಬಹುದೇ? ಇನ್ನೊಂದು ಪ್ರಶ್ನೆ ಹಾಡುವುದಕ್ಕೆ ಸಂಬಂಧಿಸಿದ್ದು. ಮೊದಲ ಚರಣ ಸಲೀಸು, ಎರಡನೆಯದರಲ್ಲಿ ಎಲ್ಲರೂ ಒಂದೊಂದು ಕಡೆ. ಧಾಟಿಯ ದೋಷವೋ, ಸಾಹಿತ್ಯದ್ದೋ?

ಹಳೇ_ಸಂಪುಟ:
ಭಾರತದಲ್ಲಿ ಬರೆದದ್ದಲ್ಲ. ನೀವು ಹೇಳಿದ ಎರಡೂ ವರ್ಷ ಅಚ್ಚಾದ ವರ್ಷಗಳೇ ಹೊರತು ಬರೆದ ವರ್ಷಗಳಲ್ಲ. 1826ರಲ್ಲಿ ಇಂಗ್ಲೆಂಡಿನ ಬ್ಯಾನ್‌ಬರಿ ಚರ್ಚಿನ ಗೀತಪುಸ್ತಕದ ಮೂರನೇ ಆವೃತ್ತಿಯಲ್ಲಿ ಇದು ಬಂತು. 1827ರಲ್ಲಿ ಹೀಬರರದ್ದೇ ಸಂಗ್ರಹವನ್ನು ಪತ್ನಿ ಅಮೀಲಿಯಾ ಹೊರತಂದರು.

ಹೀಬರ್ ಹುಟ್ಟಿದ್ದು 1783ರ ಏಪ್ರಿಲ್ 21ರಂದು, ಚೆಷೈರ್‌ನ ಮಾಲ್ಪಾಸ್‌ನಲ್ಲಿ. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಓದುವಾಗಲೇ 1803ರಲ್ಲಿ 'ಪ್ಯಾಲಸ್ಟೈನ್' ಎಂಬ ಕವಿತೆಗೆ ಬಹುಮಾನ ಪಡೆದರು. 1807ರಿಂದ ಷ್ರಾಪ್‌ಷೈರ್‌ನ ಹಾಡ್ನೆಟ್ ಎಂಬ ಹಳ್ಳಿಯಲ್ಲಿ ಸಭಾಪಾಲಕರು. ಗೀತೆಗಳ ದೊಡ್ಡ ಪಾಲು ಆ ಹದಿನಾರು ವರ್ಷಗಳ ಫಸಲು. ಕಲ್ಕತ್ತಾದ ಮೊದಲ ಬಿಷಪ್ ಮಿಡಲ್ಟನ್ 1822ರಲ್ಲಿ ತೀರಿಕೊಂಡ ಮೇಲೆ ಆ ಸ್ಥಾನ ಇವರಿಗೆ ಬಂತು. 1823ರ ಅಕ್ಟೋಬರಿನಲ್ಲಿ ಕಲ್ಕತ್ತಾ ಮುಟ್ಟಿದರು. ಉಳಿದ ಎರಡೂವರೆ ವರ್ಷದಲ್ಲಿ ಹೆಚ್ಚಿನದು ತಿರುಗಾಟದಲ್ಲೇ ಹೋಯಿತು: ಗಂಗೆಯ ಮೇಲೆ ದೋಣಿಯಲ್ಲಿ ಉತ್ತರಕ್ಕೆ, ಅಲ್ಲಿಂದ ನೆಲದ ಹಾದಿಯಲ್ಲಿ ಬೊಂಬಾಯಿಗೆ, ಆಮೇಲೆ ಸಿಲೋನ್, ಕೊನೆಗೆ ಮದರಾಸು, ತಂಜಾವೂರು. 1826ರ ಏಪ್ರಿಲ್ 3ರ ಬೆಳಗ್ಗೆ ತಿರುಚಿರಾಪಳ್ಳಿಯಲ್ಲಿ ತಮಿಳು ಸಭೆಯವರಿಗೆ ದೃಢೀಕರಣ (ದೀಕ್ಷಾಸ್ನಾನ ಪಡೆದವರ ವಿಶ್ವಾಸವನ್ನು ಬಿಷಪ್ ಸ್ಥಿರಪಡಿಸುವ ವಿಧಿ) ನಡೆಸಿ ಬಂದು, ತಣ್ಣೀರಿನ ಸ್ನಾನದ ಕೊಳಕ್ಕೆ ಇಳಿದವರು ಮೇಲೆ ಬರಲಿಲ್ಲ. 43 ತುಂಬಲು ಹದಿನೆಂಟು ದಿನ ಬಾಕಿಯಿತ್ತು. ಸಮಾಧಿ ಅಲ್ಲಿನ ಸೇಂಟ್ ಜಾನ್ಸ್ ಚರ್ಚಿನಲ್ಲಿದೆ.

ಪರಿಚಯದಲ್ಲಿ ಒತ್ತು ಕೊಡಬೇಕಾದದ್ದು ಸಾವಿಗಲ್ಲ, ಅವರ ಸಂಗ್ರಹದ ಯೋಜನೆಗೆ. ಆಗ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ) ಚರ್ಚುಗಳಲ್ಲಿ ಹಾಡುತ್ತಿದ್ದದ್ದು ಮುಖ್ಯವಾಗಿ ಛಂದೋಬದ್ಧ ದಾವೀದನ ಕೀರ್ತನೆಗಳನ್ನು. ಹೊಸ ಗೀತೆಗಳೆಂದರೆ ಅದರಿಂದ ಬೇರೆಯಾದ ಮೆಥಡಿಸ್ಟ್ ಪಂಥದವರ ಚಾಳಿ ಎಂಬ ಗುಮಾನಿ. ಹೀಬರ್ ವರ್ಷದ ಪ್ರತಿ ಭಾನುವಾರಕ್ಕೆ, ಹಬ್ಬಕ್ಕೆ, ಆ ದಿನದ ಪಾಠಕ್ಕೆ ಹೊಂದುವಂತೆ ಗೀತೆಗಳನ್ನು ಜೋಡಿಸಿದರು. ವಿಶ್ವಾಸಪ್ರಮಾಣಕ್ಕೂ (ನಂಬಿಕೆಯನ್ನು ಎಲ್ಲರೂ ಕೂಡಿ ಹೇಳುವ ಭಾಗ) ಪ್ರಸಂಗಕ್ಕೂ ನಡುವೆ ಹಾಡಲೆಂದು. 1820ರಲ್ಲಿ ಲಂಡನ್ನಿನ ಬಿಷಪ್ ಹೌಲಿಯವರ ಮೂಲಕ ಅಧಿಕೃತ ಒಪ್ಪಿಗೆ ಕೇಳಿದರು, ಸಿಗಲಿಲ್ಲ. ಬದುಕಿದ್ದಾಗ ಪುಸ್ತಕ ಬರಲೇ ಇಲ್ಲ.

ನಾಲ್ಕು_ಧ್ವನಿ:
ಎರಡನೇ ಪ್ರಶ್ನೆಗೆ. ದೋಷ ಧಾಟಿಯದ್ದಲ್ಲ, ಸಾಹಿತ್ಯದ ಸಾಲುಗಳೇ ಸಮ ಇಲ್ಲ. ಮೊದಲ ಚರಣದ ನಾಲ್ಕು ಸಾಲುಗಳ ಸಿಲೆಬಲ್ (ಒಂದೇ ಉಸಿರಿಗೆ ಉಚ್ಚರಿಸುವ ಪದದ ತುಣುಕು) ಎಣಿಸಿ: 11, 12, 12, 10. ಎರಡನೆಯದು: 12, 13, 13, 10. 'ನೈಸೀಯಾ' ಧಾಟಿಯನ್ನು ಜಾನ್ ಬ್ಯಾಕಸ್ ಡೈಕ್ಸ್ 1861ರ 'ಹಿಮ್ಸ್ ಏನ್ಷಂಟ್ ಆಂಡ್ ಮಾಡರ್ನ್' ಸಂಗ್ರಹಕ್ಕೆ ಮಾಡಿಕೊಟ್ಟರು. ಹೆಸರು 325ರ ನೈಸೀಯಾ ಸಭೆಯದ್ದು, ಅಂದರೆ ತ್ರಿಯೇಕತ್ವದ ಸಿದ್ಧಾಂತದ ನೆನಪು.

ಎಡವುವ ಜಾಗಗಳು ಮೂರು. ಮೊದಲ ಸಾಲಿನಲ್ಲಿ 'ಲಾರ್ಡ್' ಎಂಬ ಒಂದೇ ದೀರ್ಘ ಸ್ವರ ಇರುವಲ್ಲಿ ಎರಡನೇ, ಮೂರನೇ ಚರಣಗಳಲ್ಲಿ ಎರಡು ಸಿಲೆಬಲ್ ಬರುತ್ತವೆ: 'ಆಲ್ ದ', 'ದೋ ದ'. ಮೊದಲ ಚರಣದ ಎರಡನೇ ಸಾಲಿನಲ್ಲಿ 'ಮಾರ್ನಿಂಗ್' ಎರಡೇ ಸಿಲೆಬಲ್. ಎರಡನೇ ಚರಣದಲ್ಲಿ ಅದೇ ಅವಧಿಯಲ್ಲಿ 'ಗೋಲ್ಡನ್ ಕ್ರೌನ್ಸ್' ಮೂರು. ನಾಲ್ಕು ಚರಣಗಳಲ್ಲಿ ಮೊದಲನೆಯದಕ್ಕೆ ಮಾತ್ರ ಈ ಸಾಲು 12, ಉಳಿದವಕ್ಕೆಲ್ಲ 13. ಆದ್ದರಿಂದ ಮೊದಲ ಚರಣವೇ ಅಪವಾದ. ಎಲ್ಲರೂ ಅದನ್ನೇ ಮಾದರಿ ಮಾಡಿಕೊಂಡು ಕಲಿಯುತ್ತಾರೆ, ಕೆಡುವುದು ಅಲ್ಲೇ. ಅಭ್ಯಾಸವನ್ನು ಎರಡನೇ ಚರಣದಿಂದ ಶುರು ಮಾಡಿ. ಮೊದಲು ಧಾಟಿ ಬಿಟ್ಟು, ತಾಳ ಹಾಕಿಕೊಂಡು ಮಾತು ಮಾತ್ರ ಹೇಳಿಸಿ, ಆಮೇಲೆ ಸ್ವರ. ಆರ್ಗನ್ ನುಡಿಸುವವರು ಮೊದಲ ಚರಣದ ದೀರ್ಘ ಸ್ವರವನ್ನೇ ಎಲ್ಲ ಚರಣಕ್ಕೂ ಹಿಡಿದರೆ ಹಾಡುವವರು ಹಿಂದೆ ಬೀಳುತ್ತಾರೆ. ಅವರ ಪ್ರತಿಯಲ್ಲಿ ಪೆನ್ಸಿಲ್ ಗುರುತು ಹಾಕಿಸಿ.

ಮೂರನೆಯದು ಕೊನೆಯ ಸಾಲು. ಎಣಿಕೆ 10ಕ್ಕೆ 10 ಸರಿಯಿದೆ, ಒತ್ತು ಸರಿಯಿಲ್ಲ. ಮೊದಲ ಚರಣದಲ್ಲಿ 'ಗಾಡ್ ಇನ್ ತ್ರೀ' ಎನ್ನುವಾಗ ಒತ್ತು 'ಗಾಡ್' ಮೇಲೆ, ಧಾಟಿಗೆ ಚೆನ್ನಾಗಿ ಕೂರುತ್ತದೆ. ಎರಡನೆಯದರಲ್ಲಿ 'ವಿಚ್ ವರ್ಟ್' ಬಂದಾಗ ಅದೇ ಬಲವಾದ ಸ್ವರಕ್ಕೆ 'ವಿಚ್' ಎಂಬ ಬಡಪಾಯಿ ಪದ ಸಿಗುತ್ತದೆ. ಅಲ್ಲಿ ಧ್ವನಿ ತಗ್ಗಿಸಿ, ತೂಕವನ್ನು 'ವರ್ಟ್' ಮೇಲೆ ಬಿಡಿ.

ಮೂಲ ಶ್ರುತಿ ಇ ಮೇಜರ್. ಬರಿಯ ಕ್ವಾಯರಿಗೆ ಸರಿ. ಸಭೆಯೂ ಹಾಡುವುದಾದರೆ ಡಿ ಮೇಜರ್‌ಗೆ ಇಳಿಸಿ, ಮೇಲಿನ ಸ್ವರದಲ್ಲಿ ಕಿರುಚಾಟ ತಪ್ಪುತ್ತದೆ.

ಕ್ವಾಯರ್_ಕಡತ:
ಎರಡೂ ಸ್ಪಷ್ಟವಾಯಿತು. ಪತ್ರಿಕೆಯಲ್ಲಿ ಹೀಬರರ ಬೇರೆ ಗೀತೆಗಳನ್ನೂ ಹೆಸರಿಸಬೇಕು. ಯಾವುದರಲ್ಲಿ ಎಚ್ಚರ ಬೇಕು?

ಹಳೇ_ಸಂಪುಟ:
1827ರ ಪುಸ್ತಕದಲ್ಲಿ ಇರುವುದೆಲ್ಲ ಅವರದ್ದಲ್ಲ. ಗರಿಗಳ ಭಾನುವಾರದ 'ರೈಡ್ ಆನ್' ಹೆನ್ರಿ ಹಾರ್ಟ್ ಮಿಲ್ಮನ್ ಅವರದು. ಸಂಜೆಯ 'ಗಾಡ್ ದಟ್ ಮೇಡೆಸ್ಟ್' ಗೀತೆಯ ಮೊದಲ ಚರಣ ಮಾತ್ರ ಹೀಬರರದು, ಎರಡನೆಯದನ್ನು ರಿಚರ್ಡ್ ವೇಟ್ಲಿ ಆಮೇಲೆ ಸೇರಿಸಿದ್ದು. 'ಬ್ರೈಟೆಸ್ಟ್ ಆಂಡ್ ಬೆಸ್ಟ್' ಪ್ರಕಟಣೆಯ ಹಬ್ಬಕ್ಕೆ (ನಕ್ಷತ್ರ ನೋಡಿಕೊಂಡು ಜ್ಞಾನಿಗಳು ಶಿಶು ಯೇಸುವಿನ ಬಳಿ ಬಂದದ್ದನ್ನು ನೆನೆಯುವ ದಿನ) ಬರೆದದ್ದು, 1811ರಲ್ಲೇ ಒಂದು ನಿಯತಕಾಲಿಕದಲ್ಲಿ ಬಂದಿತ್ತು. ಅದರ ಕುಣಿತದ ಲಯ ಚರ್ಚಿಗೆ ತಕ್ಕದ್ದಲ್ಲ, ನಕ್ಷತ್ರಕ್ಕೆ ಪ್ರಾರ್ಥನೆ ಮಾಡಿದಂತಿದೆ ಅಂತ ತಕರಾರೂ ಎದ್ದಿತ್ತು. ನಕ್ಷತ್ರದ ತಕರಾರು ಅತಿಯಾಯಿತು. ಕವಿ ಕರೆಯುವ ರೀತಿಯೇ ಅದು.

ಶಾಸನ_ಓದುಗ:
ದೊಡ್ಡ ಎಚ್ಚರ ಬೇಕಾದದ್ದು 'ಫ್ರಮ್ ಗ್ರೀನ್‌ಲ್ಯಾಂಡ್ಸ್ ಐಸಿ ಮೌಂಟನ್ಸ್' ಬಗ್ಗೆ. ಸಿಲೋನನ್ನು ಕಣ್ಣಾರೆ ಕಂಡು ಬರೆದರು ಅಂತ ಕೆಲವರು ಹೇಳುತ್ತಾರೆ, ತಪ್ಪು. ಬರೆದದ್ದು 1819ರ ಪಂಚಾಶತ್ತಮ ಹಬ್ಬದ (ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ನೆನೆಯುವ ಭಾನುವಾರ) ಹಿಂದಿನ ದಿನ, ವೇಲ್ಸ್‌ನ ರೆಕ್ಸ್‌ಹ್ಯಾಮ್‌ನಲ್ಲಿ. ಮರುದಿನ ಮಿಷನ್ ಕಾಣಿಕೆಗಾಗಿ ಮಾವ ಡೀನ್ ಷಿಪ್ಲಿ ಪ್ರಸಂಗ ಮಾಡುವವರಿದ್ದರು, ಅದಕ್ಕೊಂದು ಗೀತೆ ಬೇಕಿತ್ತು. ಹೀಬರ್ ಸಿಲೋನಿಗೆ ಹೋದದ್ದು 1825ರಲ್ಲಿ, ಆರು ವರ್ಷದ ಮೇಲೆ. ನೋಟವೆಲ್ಲ ಚೆಂದ, ಮನುಷ್ಯನೊಬ್ಬನೇ ನೀಚ ಎನ್ನುವ ಅದರ ಸಾಲು ತಮ್ಮನ್ನು ಚುಚ್ಚುತ್ತಲೇ ಬಂದಿದೆ ಎಂದು ಗಾಂಧೀಜಿ 1925ರಲ್ಲಿ ಕಲ್ಕತ್ತಾದಲ್ಲಿ ಮಿಷನರಿಗಳ ಎದುರೇ ಹೇಳಿದರು. ಪತ್ರಿಕೆಯಲ್ಲಿ ಈ ಗೀತೆಯನ್ನು ಹೆಸರಿಸುವುದಾದರೆ 1819 ಎಂಬ ವರ್ಷವನ್ನೂ ಗಾಂಧೀಜಿಯ ಆಕ್ಷೇಪವನ್ನೂ ಸೇರಿಸಿ. ಜಾಗ ಸಾಲದಿದ್ದರೆ ಗೀತೆಯನ್ನೇ ಬಿಟ್ಟು, ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ದಿನದ 'ದ ಸನ್ ಆಫ್ ಗಾಡ್ ಗೋಸ್ ಫೋರ್ತ್ ಟು ವಾರ್' ಹಾಕಿ.