ವಕೀಲರನ್ನು ಕೇಳಿ: ಯುರೋಪಿನ ಆಶ್ರಯ ಮತ್ತು ಆ 30,000ದ ಮೆಸೇಜ್
(ಮುಂಬೈ-ಪುಣೆ ಕನ್ನಡಿಗರ ಗ್ರೂಪ್. ಉತ್ತರಿಸುವವರು ವಲಸೆ ಕಾನೂನಿನ ವಕೀಲೆ.)

ಅಂಧೇರಿ ಶೆಟ್ರು: ಮೇಡಂ, "ಯುರೋಪಿನ ಹೊಸ ಕಾಯ್ದೆ, ವರ್ಷಕ್ಕೆ 30,000 ಜನರಿಗೆ ಅವಕಾಶ, ಬೇಗ ಹೆಸರು ಕೊಡಿ" ಅಂತ ಮೆಸೇಜ್ ಬಂದಿದೆ. ಹೋಟೆಲಿನ ಹುಡುಗರು ಕೇಳುತ್ತಿದ್ದಾರೆ.

ವಕೀಲೆ: ಅದು ಕೆಲಸದ ಕೋಟಾ ಅಲ್ಲ. ಇಟಲಿ, ಗ್ರೀಸ್‌ನಂಥ ಕಡೆ ಬಂದಿಳಿದು ಆಶ್ರಯ ಕೇಳುವವರನ್ನು ಉಳಿದ ದೇಶಗಳು ಹಂಚಿಕೊಳ್ಳುವ ಲೆಕ್ಕ. ಕರೆದುಕೊಳ್ಳಲು ಮನಸ್ಸಿಲ್ಲದ ದೇಶ ತಲೆಗೆ 20,000 ಯೂರೋ ಕೊಡಬಹುದು, ಇಲ್ಲವೇ ಸಿಬ್ಬಂದಿ, ಸಾಮಾನು ಕಳಿಸಬಹುದು.

ಕೋಥ್ರುಡ್ ಅಕ್ಕ: ತಂಗಿ ಮಗ ಪೋಲೆಂಡ್‌ನಲ್ಲಿ ಓದುತ್ತಿದ್ದಾನೆ, ವಾಸದ ಕಾರ್ಡ್ ಇದೆ. "ಜರ್ಮನಿಗೆ ಹೋಗಿ ಆಶ್ರಯ ಕೇಳು, ಪಾಸ್‌ಪೋರ್ಟ್ ಕಳೆದುಹೋಯಿತು ಅನ್ನು, ಕೆಲಸ ಗ್ಯಾರಂಟಿ" ಅಂತ ಏಜೆಂಟ್ ಹೇಳಿದ್ದಾನಂತೆ. ಶುಕ್ರವಾರ ರಾತ್ರಿ ಬಸ್ಸು.

ವಕೀಲೆ: ಅಕ್ಕ, ಮೊದಲು ಆ ಬಸ್ಸು ಹತ್ತದಂತೆ ತಡೆಯಿರಿ. ಅರ್ಜಿ ಹಾಕಿದರೆ ಬೆರಳಚ್ಚು ಯೂರೊಡ್ಯಾಕ್ ಎಂಬ ದಾಖಲೆಗೆ ಹೋಗುತ್ತದೆ. ಯುರೋಪ್ ಒಕ್ಕೂಟದ ಎಲ್ಲ ದೇಶಗಳೂ ಅದನ್ನು ಹೋಲಿಸಿ ನೋಡಬಹುದು. ಯುರೋಪಿನ ನಿಯಮದ ಪ್ರಕಾರ, ವಾಸದ ಕಾರ್ಡ್ ಕೊಟ್ಟ ದೇಶವೇ ಅರ್ಜಿಗೆ ಹೊಣೆ. ಅಂದರೆ ಜರ್ಮನಿ ಅವನನ್ನು ಪೋಲೆಂಡ್‌ಗೇ ವಾಪಸ್ ಕಳಿಸಬಹುದು. ಕಾರ್ಡು, ವೀಸಾ ಇಲ್ಲದೆ ಬಂದವರಿಗೆ ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶ ಹೊಣೆ. ಇಟಲಿಯ ಗೋಳು ಅದೇ. 2024ರ ಹೊಸ ಕಾಯ್ದೆ ಆ ಭಾರ ಹಂಚಲು ನೋಡಿತು, ಆದರೆ ಈ ಬೇರು ಕಿತ್ತಿಲ್ಲ.

ಇನ್ನೊಂದು. ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2025ರ ಏಪ್ರಿಲ್‌ನಲ್ಲಿ "ಸುರಕ್ಷಿತ ದೇಶ"ಗಳ ಪಟ್ಟಿ ಮುಂದಿಟ್ಟಾಗ ಭಾರತದ ಹೆಸರೂ ಅದರಲ್ಲಿತ್ತು. ಅಂಥ ದೇಶದವರ ಆಶ್ರಯದ ಅರ್ಜಿ ಬೇಗ ನೋಡಿ ಬೇಗ ತಳ್ಳಿಹಾಕಲು ಅದು. ಓದೂ ಹೋಗಬಹುದು, ಕಾರ್ಡೂ ಹೋಗಬಹುದು. ಪಾಸ್‌ಪೋರ್ಟ್ ಈಗ ಯಾರ ಕೈಲಿದೆ?

ಡೊಂಬಿವಲಿ ರಾಯರು: ಮೇಡಂ, ಆ 30,000ಕ್ಕೆ ಕೊನೆ ದಿನಾಂಕ ಯಾವಾಗ?

ವಕೀಲೆ: ಮೇಲೆ ಓದಿ.

ಮುಲುಂಡ್ ಭಟ್ಟರು: ಹಂಗೇರಿ ಒಬ್ಬರನ್ನೂ ಸೇರಿಸಲ್ಲ ಅಂದಿತ್ತು. ಸರಿಯಾಗೇ ಇದೆ. ಬಂದವರನ್ನೆಲ್ಲ ಯಾಕೆ ಸಾಕಬೇಕು?

ವಾಶಿ ಗೌಡ್ರು: ಬಾಂಗ್ಲಾದೇಶಕ್ಕೆ ಪಕ್ಕದ ಮ್ಯಾನ್ಮಾರ್‌ನಿಂದ 2017ರಲ್ಲಿ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಬಂದರು. ಹೊರಗಿನವರು ದುಡ್ಡು ಕೊಟ್ಟರು, ಜನ ಅಲ್ಲಿನ ಕಾಕ್ಸ್ ಬಜಾರಿನ ಶಿಬಿರಗಳಲ್ಲೇ ಉಳಿದರು. ಪಕ್ಕದ ದೇಶ ಅನ್ನೋದೇ ತಪ್ಪಾ?

ಭಟ್ಟರು: ಅವರ ಕಥೆ ಬೇರೆ.

ಗೌಡ್ರು: ಬೇರೆ ಏನು? ನಿಮ್ಮ ತಂದೆ ಮುಂಬೈಗೆ ಬಂದಾಗ ಯಾರಾದ್ರೂ ಆಮಂತ್ರಣ ಕಳಿಸಿದ್ರಾ?

ಭಟ್ಟರು: ತಂದೆ ಸುದ್ದಿ ಎತ್ತಬೇಡಿ. ಅವರು ದೇಶದೊಳಗೆ ಬಂದವರು.

ಥಾಣೆ ಆಂಟಿ: ಮಗಳಿಗೆ ಕೆನಡಾ ಪಿಆರ್ ಬಗ್ಗೆ ಕೇಳಿದ್ದೆ...

ಗೌಡ್ರು: ಆಗ ಮದ್ರಾಸಿಗಳನ್ನು ಓಡಿಸಿ ಅಂತ ಇಲ್ಲೇ ಕೂಗಿದ್ದು ನೆನಪಿಲ್ವಾ ನಿಮಗೆ?

ಅಂಧೇರಿ ಶೆಟ್ರು: ಮೇಡಂ, ಹುಡುಗರು ನಂಬ್ತಿಲ್ಲ. ಸುಮ್ನೆ ಹೆಸರು ಕೊಟ್ಟಿಟ್ಟರೆ ನಷ್ಟವೇನು?

ವಕೀಲೆ: ಫೀಸು. ಆಧಾರ್ ನಕಲು. ಪಾಸ್‌ಪೋರ್ಟ್. ಇಷ್ಟು ಸಾಲದಾ? ಆ ಮೆಸೇಜ್ ಇನ್ನೊಮ್ಮೆ ಹಾಕಿದರೆ ನಾನೇ ಗ್ರೂಪ್ ಬಿಡುತ್ತೇನೆ. ಭಟ್ರೇ, ಗೌಡ್ರೇ, ಜಗಳ ಬೇರೆ ಕಡೆ ಆಡಿ. ಅಕ್ಕ, ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಕೋಥ್ರುಡ್ ಅಕ್ಕ: ಈಗ ಕೇಳಿದೆ ಮೇಡಂ. ಏಜೆಂಟ್ ಹತ್ರ ಕೊಟ್ಟುಬಿಟ್ಟಿದ್ದಾನೆ.

ವಕೀಲೆ: ಹುಡುಗನ ನಂಬರ್ ನನಗೆ ಬೇರೆಯಾಗಿ ಕಳಿಸಿ. ಇಲ್ಲಿ ಹಾಕಬೇಡಿ.