ಪತ್ತೇದಾರಿ ಕಾದಂಬರಿ: ಓದುಗರ ಕೂಟಕ್ಕೆ ಯಾವುದು ಮೊದಲು, ಯಾವುದು ಆಮೇಲೆ?

ಜಮಖಂಡಿ ಓದುಗ

ನಮಸ್ಕಾರ್ರಿ ಎಲ್ಲಾರಿಗೂ. ಜಮಖಂಡಿಯಾಗ ಓದುಗರ ಕೂಟ ಶುರು ಮಾಡೀವಿ. ತಿಂಗಳಿಗೊಂದು ಪುಸ್ತಕ, ಕಡೇ ಭಾನುವಾರ ಚರ್ಚಾ. ಈ ವರ್ಷ ಪತ್ತೇದಾರಿ ಮತ್ತ ಅಪರಾಧದ ಕಾದಂಬರಿ ಓದೂನು ಅಂತ ಎಲ್ಲಾರೂ ಒಪ್ಯಾರ. ಅರ್ಧ ಮಂದಿ ಕನ್ನಡ ಅಷ್ಟ ಓದ್ತಾರ, ಉಳಿದವರಿಗೆ ಇಂಗ್ಲಿಷ್ ನಡೀತೈತಿ, ಒಂದಿಬ್ಬರು ಮರಾಠಿನೂ ಓದ್ತಾರ. ಕೊಂದವ ಯಾರು ಅಂತ ತಿಳದ ಕೂಡ್ಲೇ ಮುಚ್ಚಿಡೂವಂಥ ಪುಸ್ತಕ ಬ್ಯಾಡ, ಮುಗದ ಮ್ಯಾಲೂ ತಾಸಗಟ್ಟಲೆ ಮಾತಾಡಾಕ ಸರಕು ಇರಬೇಕು. ಕನ್ನಡದಾಗ ಎಲ್ಲಿಂದ ಹಿಡೀಬೇಕು? ಅಗಾಥಾ ಕ್ರಿಸ್ಟಿ ಓದಾಕ ಕ್ರಮ ಏನರೆ ಐತೇನು? ಜಪಾನಿನವರದರಾಗ ಯಾವುದು ಮೊದಲು? ತಿಳದವರು ಹೇಳ್ರಿ. ಕಥಿಯ ಗುಟ್ಟು ಮಾತ್ರ ಬಿಡಬ್ಯಾಡ್ರಿ.

ನವನಗರ, ಬಾಗಲಕೋಟೆ

ಕನ್ನಡದ್ದು ನಾ ಹೇಳ್ತೀನ್ರಿ. ಮೊದಲ ತಿಂಗಳಿಗೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇಟ್ಕೊಳ್ರಿ. ಏಲಕ್ಕಿ ಬೆಳೆಯೋ ಸುರೇಶ, ಗೌರಿ ಅನ್ನೋ ಗಂಡ ಹೆಂಡತಿಯ ಒಂದು ಹಗಲು ರಾತ್ರಿಯೊಳಗ ಇಡೀ ಕಥಿ ನಡದ ಹೋಗ್ತೈತಿ. ಹೊಸಾ ಓದುಗರು ನಡುವ ಕೈಬಿಡೂದಿಲ್ಲ.

ಎರಡನೇದು ‘ಚಿದಂಬರ ರಹಸ್ಯ’ (1985, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1987). ಇದನ್ನ ಮೊದಲು ಕೊಟ್ರ ಕೆಲವರು ‘ಕೊಲಿ ಎಲ್ಲೈತಿ, ಊರ ಮಂದಿ ಜಗಳನ ಐತಲ್ಲ’ ಅಂತ ಬೇಸರ ಮಾಡ್ಕೋತಾರ. ಏಲಕ್ಕಿ ಇಳುವರಿ ಯಾಕ ಬಿತ್ತು, ಏಲಕ್ಕಿ ಮ್ಯಾಲ ಸಂಶೋಧನಾ ಮಾಡ್ತಿದ್ದ ಜೋಗಿಹಾಳ್ ಹೆಂಗ ಸತ್ತ ಅಂತ ನೋಡಾಕ ಅಂಗಾಡಿ ಅನ್ನೋ ಅಧಿಕಾರಿ ಕೆಸರೂರಿಗೆ ಬರ್ತಾನ. ಓದುವಾಗ ಒಂದು ಹಾಳಿ ತಗೊಂಡು ನಡುವ ಗೆರಿ ಎಳೀರಿ. ಎಡಕ್ಕ ಊರಾಗ ಹಬ್ಬಿದ ಸುದ್ದಿ, ಬಲಕ್ಕ ಯಾರೋ ಒಬ್ಬರು ಕಣ್ಣಾರೆ ಕಂಡದ್ದು. ಅರ್ಧ ಪುಸ್ತಕಕ್ಕ ಬರೂದ್ರಾಗ ಯಾವ ಕಡಿ ತುಂಬೇತಿ ಅಂತ ನೋಡ್ರಿ, ಚರ್ಚಾ ಅಲ್ಲಿಂದನ ಹುಟ್ಟತೈತಿ. ಪೊಲೀಸ್ ತನಿಖಿ ಹಳ್ಳಿಯೊಳಗ ಯಾಕ ದಾರಿ ತಪ್ಪತೈತಿ ಅನ್ನೂದನ್ನ ಇಷ್ಟು ಚೊಕ್ಕ ತೋರಿಸಿದ ಕಾದಂಬರಿ ನಮ್ಮಲ್ಲಿ ಇನ್ನೊಂದಿಲ್ಲ.

ಮೂರನೇದು ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’. ಹೊಯ್ಸಳ ಗುಡಿಯ ಶಿಲ್ಪದ ಕೈಯಾಗಿರೋದು ಗೋವಿನಜೋಳದ ತೆನಿಯೋ ಅಲ್ಲೋ ಅನ್ನೂದು ಕಥಿಯ ಕೀಲಿ. ಗೋವಿನಜೋಳ ಅಮೆರಿಕಾ ಖಂಡದ ಬೆಳಿ, ಕೊಲಂಬಸ್ ಹೋಗಿ ಬಂದ ಮ್ಯಾಲ ಉಳಿದ ಕಡಿ ಹಬ್ಬಿತು ಅನ್ನೂದು ಸಾಮಾನ್ಯ ತಿಳುವಳಿಕಿ. ಹೊಯ್ಸಳರು ಅದಕ್ಕೂ ಹಿಂದಿನವರು, ಹಿಂಗಾಗಿ ವಾದ ಎದ್ದೈತಿ. ಬರದವರು ಕೃಷಿ ವಿಜ್ಞಾನಿ. ಎಲ್ಲಿ ದಾಖಲೆ ಮುಗೀತು, ಎಲ್ಲಿ ಕಲ್ಪನಾ ಶುರು ಆತು ಅಂತ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಬರಾಕ ಹೇಳ್ರಿ. ಇಲ್ಲಾಂದ್ರ ಚರ್ಚಾದಾಗ ಎಲ್ಲಾನೂ ಇತಿಹಾಸ ಅಂತ ವಾದ ಬೀಳ್ತೈತಿ.

ಎನ್. ನರಸಿಂಹಯ್ಯನವರನ್ನ ಬಿಡಬ್ಯಾಡ್ರಿ. ನೂರಾರು ಪತ್ತೇದಾರಿ ಕಾದಂಬರಿ ಬರದು ಕನ್ನಡ ಮಂದಿಗೆ ಓದಿನ ಹುಚ್ಚು ಹಿಡಿಸಿದವರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರದಾರ, ಇದು ಭಾಳ ಮಂದಿಗೆ ಗೊತ್ತಿಲ್ಲ. ಇಬ್ಬರದೂ ಒಂದೊಂದು ಸೇರಿಸಿ ಒಂದ ತಿಂಗಳಿಗೆ ಇಟ್ರ ಸಾಕು, ತೆಳ್ಳನ ಪುಸ್ತಕ ಅವು.

ಟಿಳಕವಾಡಿ, ಬೆಳಗಾವಿ

ಕ್ರಿಸ್ಟಿಯನ್ನು ಪ್ರಕಟಣೆಯ ಕ್ರಮದಲ್ಲೇ ಓದಬೇಕಿಲ್ಲ. ಆದರೆ ಮೂರು ಕಡೆ ಎಚ್ಚರ ಬೇಕು. ‘ಡಂಬ್ ವಿಟ್ನೆಸ್’ (1937) ಒಳಗೆ ಕ್ರಿಸ್ಟಿಯ ಪತ್ತೇದಾರ ಪೊಯ್ರೊ ಹಿಂದಿನ ನಾಲ್ಕು ಕಾದಂಬರಿಗಳ ಕೊಲೆಗಾರರ ಹೆಸರನ್ನು ಹೇಳಿಬಿಡುತ್ತಾನೆ. ಅದರಲ್ಲಿ ‘ರೋಜರ್ ಅಕ್ರಾಯ್ಡ್’ (1926) ಕೂಡ ಸೇರಿದೆ. ‘ಕಾರ್ಡ್ಸ್ ಆನ್ ದಿ ಟೇಬಲ್’ (1936) ಒಳಗಿನ ಒಂದೇ ವಾಕ್ಯ ‘ಓರಿಯಂಟ್ ಎಕ್ಸ್‌ಪ್ರೆಸ್’ನ (1934) ಗುಟ್ಟನ್ನು ಬಿಟ್ಟುಕೊಡುತ್ತದೆ. ‘ಕರ್ಟನ್’ (1975) ಪೊಯ್ರೊನ ಕೊನೆಯ ಪುಸ್ತಕ, ಅದನ್ನು ಕಡೆಗೇ ಇಡಿ.

ನಿಮ್ಮ ಕೂಟಕ್ಕೆ ಒಂದೇ ಕ್ರಿಸ್ಟಿ ಆರಿಸುವುದಾದರೆ ‘ಫೈವ್ ಲಿಟಲ್ ಪಿಗ್ಸ್’ (1942). ಹದಿನಾರು ವರ್ಷದ ಹಿಂದೆ ಒಬ್ಬ ಚಿತ್ರಕಾರ ವಿಷದಿಂದ ಸತ್ತಿದ್ದಾನೆ, ಹೆಂಡತಿಗೆ ಶಿಕ್ಷೆಯೂ ಆಗಿಹೋಗಿದೆ. ಹೊಸ ಸಾಕ್ಷ್ಯ ಇಲ್ಲ, ಬೆರಳಚ್ಚು ಇಲ್ಲ. ಆ ದಿನ ಹತ್ತಿರವಿದ್ದ ಐದು ಜನ ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಐದು ಕಾಲಂ ಹಾಕಿ, ಬಿಯರ್ ತಂದವರು ಯಾರು, ಗ್ಲಾಸ್ ಮುಟ್ಟಿದವರು ಯಾರು, ಯಾವ ಮಾತನ್ನು ಯಾರು ಕೇಳಿಸಿಕೊಂಡರು ಎಂದು ತುಂಬುತ್ತಾ ಹೋಗಿ. ಎಲ್ಲರೂ ಕೇಳಿದ ಮಾತು ಒಂದೇ, ಹಚ್ಚಿದ ಅರ್ಥ ಬೇರೆ. ಕ್ರಿಸ್ಟಿಯ ಕಸುಬು ಪೂರ್ತಿ ಅಲ್ಲಿದೆ. ಸುಳಿವನ್ನು ಮುಚ್ಚಿಡುವುದಿಲ್ಲ, ನಾವು ತಪ್ಪಾಗಿ ಓದುವ ಹಾಗೆ ಎದುರಿಗೇ ಇಡುತ್ತಾಳೆ.

ಜಪಾನಿನದರಲ್ಲಿ ಮೊದಲು ಸೀಚೊ ಮತ್ಸುಮೊತೊ ಅವರ ‘ಟೋಕಿಯೊ ಎಕ್ಸ್‌ಪ್ರೆಸ್’ (1958). ಹಳೆಯ ಇಂಗ್ಲಿಷ್ ಅನುವಾದದ ಹೆಸರು ‘ಪಾಯಿಂಟ್ಸ್ ಅಂಡ್ ಲೈನ್ಸ್’, ಎರಡೂ ಒಂದೇ ಪುಸ್ತಕ. ಫುಕುಓಕಾ ಹತ್ತಿರದ ಕಡಲತೀರದಲ್ಲಿ ಗಂಡು ಹೆಣ್ಣಿನ ಎರಡು ಶವ ಸಿಗುತ್ತವೆ. ನೋಡಿದವರೆಲ್ಲ ಪ್ರೇಮಿಗಳ ಆತ್ಮಹತ್ಯೆ ಎನ್ನುತ್ತಾರೆ. ಒಬ್ಬ ವಯಸ್ಸಾದ ಪೊಲೀಸನಿಗೆ ಮಾತ್ರ ಸತ್ತವನ ಜೇಬಿನಲ್ಲಿ ಸಿಕ್ಕ ರೈಲಿನ ಊಟದ ಬೋಗಿಯ ಬಿಲ್ಲು ಕಾಡುತ್ತದೆ. ಬಿಲ್ಲು ಒಬ್ಬರದ್ದು. ಜೋಡಿಯಾಗಿ ಹೊರಟವರು ಊಟಕ್ಕೆ ಒಬ್ಬರೇ ಯಾಕೆ ಕೂತರು? ಮುಂದೆ ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಿಂದ 15ನೇದು ನಡುವೆ ಗಾಡಿ ಅಡ್ಡ ಬಾರದೆ ಕಾಣುವುದು ಇಡೀ ಸಂಜೆಯಲ್ಲಿ ನಾಲ್ಕೇ ನಿಮಿಷ ಎಂಬ ಲೆಕ್ಕ ಬರುತ್ತದೆ. ಓದುವಾಗ ಜಪಾನಿನ ನಕ್ಷೆ ಪಕ್ಕದಲ್ಲಿರಲಿ. ನಕ್ಷೆ ಇಲ್ಲದೆ ಓದಿದವರು ಊರಿನ ಹೆಸರುಗಳಲ್ಲಿ ಸಿಕ್ಕಿಕೊಂಡು ಅರ್ಧಕ್ಕೇ ಬಿಡುತ್ತಾರೆ.

ಅದಾದ ಮೇಲೆ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005). ಕೊಂದವರು ಯಾರು ಎನ್ನುವುದು ಶುರುವಿನಲ್ಲೇ ಗೊತ್ತು. ಪಕ್ಕದ ಮನೆಯ ಗಣಿತದ ಮಾಸ್ತರ ಅದನ್ನು ಮುಚ್ಚಿದ್ದು ಹೇಗೆ ಎನ್ನುವುದೇ ಪ್ರಶ್ನೆ. ಮತ್ಸುಮೊತೊ ಮೊದಲು ಓದಿದ್ದರೆ ಹಿಗಾಶಿನೊ ಆಟವನ್ನು ಎಲ್ಲಿ ತಿರುಗಿಸಿದರು ಎಂಬುದು ಚೆನ್ನಾಗಿ ಹಿಡಿಯುತ್ತದೆ.

ಪೊಲೀಸರ ದಿನದ ಕೆಲಸ ಹೇಗಿರುತ್ತದೆ ಎಂದು ನೋಡಲು ಸ್ವೀಡನ್ನಿನ ಶೋವಾಲ್ ಮತ್ತು ವಾಲೂ ಬರೆದ ‘ರೋಸೆಆನ್ನಾ’ (1965). ಹತ್ತು ಪುಸ್ತಕಗಳ ಸರಣಿಯಲ್ಲಿ ಮೊದಲನೆಯದು. ಕಾಲುವೆಯ ಹೂಳಿನಲ್ಲಿ ಸಿಕ್ಕ ಹೆಣದ ಹೆಸರು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ದೋಣಿಯ ಪ್ರವಾಸಿಗರು ತೆಗೆದ ಫೋಟೊಗಳನ್ನು ಊರೂರಿನಿಂದ ತರಿಸಿ ಒಂದೊಂದಾಗಿ ನೋಡುವ ಭಾಗವನ್ನು ನಿಧಾನ ಎಂದು ಹಾರಿಸಬೇಡಿ, ಅದೇ ಕಾದಂಬರಿಯ ಬೆನ್ನೆಲುಬು.

ಮರಾಠಿ ಓದುವವರಿಗೆ ಬಾಬುರಾವ್ ಅರ್ನಾಳ್ಕರ್ ಇದ್ದಾರೆ. ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದವರು, ನರಸಿಂಹಯ್ಯನವರ ತಿಂಗಳಲ್ಲೇ ಅವರದ್ದೂ ಒಂದನ್ನು ಓದಿಸಿ. ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾನ ಕಥೆಗಳೂ ಮರಾಠಿಯಲ್ಲಿ ಸಿಗುತ್ತವೆ.

ಜಮಖಂಡಿ ಓದುಗ

ಭಾಳ ಉಪಕಾರ ಆತ್ರಿ ಇಬ್ಬರಿಂದಾನೂ. ಇನ್ನೊಂದ್ ಮಾತು. ಎಲ್ಲಾರಿಗೂ ಒಂದೊಂದು ಪ್ರತಿ ಕೊಳ್ಳಾಕ ಆಗೂದಿಲ್ಲ. ಝೆರಾಕ್ಸ್ ತಗಿಸಿ ಹಂಚಬಹುದೇನು? ಹಳೇ ಪುಸ್ತಕ ತರೂದಾದ್ರ ಏನೇನ್ ನೋಡಬೇಕು?

ಗೋಳಗುಮ್ಮಟ, ವಿಜಯಪುರ

ಇಡೀ ಪುಸ್ತಕ ಝೆರಾಕ್ಸ್ ಬ್ಯಾಡ್ರಿ ಸರ. ನಮ್ಮ ದೇಶದಾಗ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು (ಕಾಪಿರೈಟ್) ಇರತೈತಿ. ಕ್ರಿಸ್ಟಿ ತೀರಿಕೊಂಡದ್ದು 1976ರಾಗ, ಹಂಗಾಗಿ 2036ರ ಕೊನೀತನಕ ಹಕ್ಕು ಐತಿ. ಕಾನನ್ ಡಾಯ್ಲ್ 1930ರಾಗ ತೀರಿಕೊಂಡ್ರು. ಅವರ ಶೆರ್ಲಾಕ್ ಹೋಮ್ಸನ ನಾಲ್ಕು ಕಾದಂಬರಿ, 56 ಕಥಿ ಇಂಗ್ಲಿಷಿನ್ಯಾಗ ಎಲ್ಲಾ ಮುಕ್ತ. ನಿಮ್ಮಲ್ಲೇ ಇಂಗ್ಲಿಷ್ ಬಲ್ಲವರು ತಿಂಗಳಿಗೊಂದು ಸಣ್ಣ ಕಥಿ ಕನ್ನಡಕ್ಕ ಮಾಡಿ ಹಂಚಿದ್ರೂ ತಂಟೆ ಇಲ್ಲ. ಬ್ಯಾರೆಯವರು ಮಾಡಿದ ಕನ್ನಡ ಅನುವಾದಕ್ಕ ಮಾತ್ರ ಅದರದ ಹಕ್ಕು ಬ್ಯಾರೆ ಇರತೈತಿ, ನೆನಪಿರಲಿ.

ಹಳೇ ಪುಸ್ತಕ ಕೊಳ್ಳುವಾಗ ಮೊದಲು ಕಡೇ ಪುಟ ನೋಡ್ರಿ, ಓದಬ್ಯಾಡ್ರಿ, ಪುಟದ ಅಂಕಿ ಅಷ್ಟ ನೋಡ್ರಿ. ಪುಸ್ತಕ ಸಾಮಾನ್ಯವಾಗಿ 16 ಪುಟದ ಫಾರಂ (ಮಡಚಿದ ಹಾಳಿಯ ಕಟ್ಟು) ಕೂಡಿಸಿ ಹೊಲಿದಿರ್ತಾರ. ದಾರ ಸಡಲಿದ್ರ ಒಂದು ಫಾರಂ ಪೂರ್ತಿ ಕಳಚಿ ಬೀಳ್ತೈತಿ, ಕಡೇ ಫಾರಂ ಮೊದಲು ಹೋಗ್ತೈತಿ. 16–17, 32–33, 48–49 ಹಿಂಗ ಕೂಡೂವಲ್ಲಿ ಅಂಕಿ ತಾಳೆ ನೋಡಿದ್ರ ಎರಡ ನಿಮಿಷದ ಕೆಲಸ. ಬ್ಯಾರೆ ಕಾದಂಬರಿಯಾಗ 16 ಪುಟ ಇಲ್ಲದಿದ್ರೂ ಹೆಂಗರೆ ನಡೀತೈತಿ, ಪತ್ತೇದಾರಿಯಾಗ ನಡಿಯೂದಿಲ್ಲ.

ಕ್ರಿಸ್ಟಿದು ಅಮೆರಿಕದ ಮುದ್ರಣ ಇದ್ರ ಹೆಸರು ಬ್ಯಾರೆ ಇರತೈತಿ. ‘ಫೈವ್ ಲಿಟಲ್ ಪಿಗ್ಸ್’ ಅಲ್ಲಿ ‘ಮರ್ಡರ್ ಇನ್ ರೆಟ್ರಾಸ್ಪೆಕ್ಟ್’, ‘ಓರಿಯಂಟ್ ಎಕ್ಸ್‌ಪ್ರೆಸ್’ ಅಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’, ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಅಲ್ಲಿ ‘ಥರ್ಟೀನ್ ಅಟ್ ಡಿನ್ನರ್’. ಒಳಗಿನ ಹಕ್ಕುಪುಟ ನೋಡದ ಕೊಂಡ್ರ ಒಂದ ಪುಸ್ತಕಕ್ಕ ಎರಡು ಸಲ ರೊಕ್ಕ ಹೋಗ್ತೈತಿ. ಅಬ್ರಿಜ್ಡ್ ಅಂತ ಇದ್ರ ವಾಪಸ್ ಇಡ್ರಿ. ಸಂಕ್ಷೇಪ ಮಾಡುವಾಗ ಮೊದಲು ಕತ್ತರಿ ಬೀಳೂದು ಬೇಕಿಲ್ಲದಂಗ ಕಾಣೂ ಸಣ್ಣ ವಿವರಕ್ಕ, ಸುಳಿವು ಇರೂದೂ ಅಲ್ಲೇ.

ಚರ್ಚಾ ನಡಸೂ ಬಗ್ಗೆ ಒಂದು ಸಲಹಾ. ಎರಡು ಸಲ ಕೂಡ್ರಿ. ಮೊದಲ ಸಲ ಎಲ್ಲಾರೂ ಕಡೇ ಮೂರು ಅಧ್ಯಾಯ ಬಿಟ್ಟು ಓದಿ ಬರಲಿ. ಒಂದು ಚೀಟಿಯಾಗ ಶಂಕಿತನ ಹೆಸರು, ಅದಕ್ಕ ಆಧಾರವಾದ ಮೂರು ಸುಳಿವು, ಪುಟದ ಅಂಕಿ ಸಹಿತ ಬರೀಲಿ. ‘ಹಂಗ ಅನಿಸ್ತು’ ಅನ್ನೂದು ನಡಿಯೂದಿಲ್ಲ. ಎಲರಿ ಕ್ವೀನ್ 1929ರ ‘ದಿ ರೋಮನ್ ಹ್ಯಾಟ್ ಮಿಸ್ಟರಿ’ಯಾಗ ಕಥಿ ನಿಲ್ಲಿಸಿ ಓದುಗರಿಗೆ ಸವಾಲು ಹಾಕಿದ್ದೂ ಹಿಂಗ, ಎಲ್ಲಾ ಸುಳಿವು ನಿಮ್ಮ ಮುಂದ ಅದಾವ ಅಂತ. ಎರಡನೇ ಸಲ ಚೀಟಿ ತಗದು ತಾಳೆ ನೋಡ್ರಿ. ಸುಳಿವು ಕೊಡದ ಮೋಸ ಮಾಡಿದ ಲೇಖಕ ಅಲ್ಲೇ ಸಿಕ್ಕಿ ಬೀಳ್ತಾನ.

ನವನಗರ, ಬಾಗಲಕೋಟೆ

ಗೋಳಗುಮ್ಮಟದವರ ಚೀಟಿ ಪದ್ಧತಿ ಕ್ರಿಸ್ಟಿಗೆ ಛಲೋ, ತೇಜಸ್ವಿಯವರಿಗೆ ಹಚ್ಚಬ್ಯಾಡ್ರಿ. ಒಬ್ಬ ಅಪರಾಧಿನ್ನ ಹಿಡದು ಕೊಡೂದು ಅವರ ಗುರಿ ಅಲ್ಲ, ಚೀಟಿ ಬರದವರು ಕಡೀಕ ನಿರಾಸೆ ಆಗ್ತಾರ. ‘ಸಸ್ಪೆಕ್ಟ್ ಎಕ್ಸ್’ಗೂ ಚೀಟಿ ಕೇಳೂ ಪ್ರಶ್ನೆ ಬದಲಿಸ್ರಿ. ಯಾರು ಅಂತ ಅಲ್ಲ, ಪೊಲೀಸರು ಯಾವ ಪ್ರಶ್ನೆ ಕೇಳಾಕ ಮರತಾರ ಅಂತ ಬರಸ್ರಿ.